ಮೊದಲು ನೀರು, ಆಮೇಲೆ ಗಾಡಿ

ಏಪ್ರಿಲ್ ಬಂತೆಂದರೆ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇಸಿಗೆ ಭತ್ತದ ರಾಶಿಯೂ ಉದ್ಯೋಗ ಖಾತ್ರಿಯ ಬದುವಿನ ಕೆಲಸವೂ ಅದೇ ಬಿಸಿಲಲ್ಲಿ ಸಾಗಬೇಕು. ಜತೆಗೆ ದುಡಿಯುವವರೊಬ್ಬರು ಏನೇನೋ ತೊದಲುತ್ತಾ ತೂರಾಡಿ ಬಿದ್ದರೆ, ಮುಟ್ಟಿದಾಗ ಮೈ ಕೆಂಡದ ಹಾಗೆ ಸುಡುತ್ತಿದ್ದರೆ, ‘ಸುಸ್ತಾಗೈತಿ, ನೆರಳಿಗೆ ಮಲಗಿಸ್ರಿ’ ಎಂದು ಸುಮ್ಮನಾಗಬೇಡಿ. ಬಿಸಿಲು ಬಡಿದಿದೆ ಎಂದೇ ತಿಳಿಯಿರಿ. ದುಡಿದು ಬಿದ್ದವರ ಮೈಯಲ್ಲಿ ಬೆವರು ಇರುವುದೂ ಉಂಟು, ಅದನ್ನು ನೋಡಿ ಧೈರ್ಯ ತಾಳಬೇಡಿ. ಮಾತು, ನಡೆ ತಪ್ಪಿದ್ದೇ ಗುರುತು.

ಮೈಯೊಳಗಿನ ಕಾವು 40 ಡಿಗ್ರಿ ದಾಟಿ ನಿಂತರೆ ಮಿದುಳು, ಯಕೃತ್ತು, ಮೂತ್ರಪಿಂಡ ಕೆಡತೊಡಗುತ್ತವೆ. ಅರ್ಧ ಗಂಟೆಯೊಳಗೆ ಅದನ್ನು ಇಳಿಸಿದರೆ ಜೀವ ಉಳಿಯುವ ಭರವಸೆ ದೊಡ್ಡದು. ನಮ್ಮಲ್ಲಿ ಆ ಅರ್ಧ ಗಂಟೆ ಗಾಡಿ ಹುಡುಕುವುದರಲ್ಲೇ ಹೋಗಿಬಿಡುತ್ತದೆ. ಅದಕ್ಕೇ ಹೇಳುತ್ತೇನೆ: ಒಬ್ಬರು 108ಕ್ಕೆ ಫೋನ್ ಮಾಡಲಿ, ಉಳಿದವರು ಅಲ್ಲೇ ಮೈ ತಣಿಸಲು ತೊಡಗಿ.

ಭತ್ತ ಒಣಹಾಕುವ ತಾಡಪತ್ರಿ ಹೊಲದಲ್ಲೇ ಇರುತ್ತದಲ್ಲ, ಅದೇ ಸಾಕು. ನಡುವೆ ಮಲಗಿಸಿ, ಸುತ್ತಲಿನ ಅಂಚನ್ನು ನಾಲ್ಕಾರು ಜನ ಎತ್ತಿ ಹಿಡಿಯಿರಿ. ಸಿಕ್ಕಷ್ಟು ತಣ್ಣೀರು ಸುರಿಯಿರಿ, ಸೋಡಾ ಅಂಗಡಿಯ ಐಸ್ ಸಿಕ್ಕರೆ ಅದನ್ನೂ ಹಾಕಿ. ನೀರು ಮೈಮೇಲೆ ಆಡುವಂತೆ ಅತ್ತಿತ್ತ ತೂಗುತ್ತಿರಿ. ಒಬ್ಬರು ತಲೆಯನ್ನು ನೀರಿನ ಮೇಲೆ ಹಿಡಿದಿರಲೇಬೇಕು. ಎಚ್ಚರವಿಲ್ಲದವರನ್ನು ಮಾತ್ರ ಕಾಲುವೆಗೆ ಇಳಿಸಬೇಡಿ. ಮಾಳಿಗೆ ಟ್ಯಾಂಕಿನ ನೀರು ಮಧ್ಯಾಹ್ನ ಕಾದಿರುತ್ತದೆ, ಬೋರಿನ ನೀರು ಮೇಲು.

ಇಷ್ಟು ತಣ್ಣೀರಿಗೆ ಜೀವಕ್ಕೆ ಅಪಾಯವಿಲ್ಲವೇ ಎಂಬ ಅಂಜಿಕೆ ಸಹಜ. ಅಮೆರಿಕದ ಫಾಲ್ಮತ್ ಓಟದಲ್ಲಿ ಬಿಸಿಲು ಬಡಿದ 274 ಜನರನ್ನು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ ಉಪಚರಿಸಿದ 18 ವರ್ಷದ ದಾಖಲೆ ಇದೆ, ಎಲ್ಲರೂ ಬದುಕಿದರು. ಆದರೆ ಅವರು ಗಟ್ಟಿಮುಟ್ಟಾದ ಓಟಗಾರರು. ಮನೆಯ ಅಜ್ಜ, ಅಜ್ಜಿ, ಹೃದಯದ ಕಾಯಿಲೆಯವರಿಗೆ ಮೈತುಂಬ ನೀರು ಚಿಮುಕಿಸಿ ಜೋರಾಗಿ ಗಾಳಿ ಹಾಕುವುದು ಒಗ್ಗುತ್ತದೆ. ನಮ್ಮದು ಒಣ ಬಿಸಿಲು, ನೀರು ಬೇಗ ಆರಿ ಕಾವನ್ನು ಎಳೆದುಕೊಂಡು ಹೋಗುತ್ತದೆ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಐಸ್ ಇಡಿ. ಮೈ ಒದ್ದೆ ಮಾಡದೆ ಬರೀ ಫ್ಯಾನ್ ಹಾಕಿದರೆ ಬಿಸಿಗಾಳಿ ಮೈಯನ್ನು ಮತ್ತಷ್ಟು ಕಾಯಿಸುತ್ತದೆ.

ಜ್ವರವೆಂದು ಕೌದಿ ಹೊದಿಸಬೇಡಿ. ಪ್ಯಾರಾಸಿಟಮಾಲ್ ಈ ಕಾವನ್ನು ಇಳಿಸದು. ಉಳ್ಳಾಗಡ್ಡಿ ಉಜ್ಜುತ್ತಾ ಹೊತ್ತು ಕಳೆಯಬೇಡಿ. ಎಚ್ಚರವಿಲ್ಲದವರ ಬಾಯಿಗೆ ನೀರಾಗಲಿ ಮಜ್ಜಿಗೆಯಾಗಲಿ ಹಾಕಿದರೆ ಶ್ವಾಸಕೋಶಕ್ಕೆ ಇಳಿದೀತು. ಮಾತು ನೆಟ್ಟಗಾಗಿ, ಚಳಿಗೆ ನಡುಗತೊಡಗಿದರೆ ನೀರು ನಿಲ್ಲಿಸಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಒಳಗಿನ ಪೆಟ್ಟು ಮರುದಿನವೂ ತೋರೀತು.

ನಾಳೆ ಕೆಲಸಕ್ಕೆ ಹೊರಡುವಾಗ ಒಂದು ತಾಡಪತ್ರಿ ಒಯ್ಯಿರಿ, ನಾಲ್ಕೈದು ಕೊಡ ನೀರು ನೆರಳಲ್ಲಿಡಿ. ಯಾರು ಫೋನ್ ಮಾಡುವವರು, ಯಾರು ನೀರು ತರುವವರು ಎಂದು ಈಗಲೇ ಮಾತಾಡಿಕೊಳ್ಳಿ.