ಚೌಡಿಕೆಯ ದನಿ ಮತ್ತು ಮನೆಯ ಆರೋಗ್ಯ

ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಆರಂಭವಾದದ್ದು 1869ರಲ್ಲಿ. ಉದ್ಯೋಗವನ್ನರಸಿ ಇಂತಹ ಊರುಗಳಿಗೆ ಬಂದ ಕನ್ನಡ ಕುಟುಂಬಗಳು ತಮ್ಮ ನುಡಿಯೊಡನೆ ಮನೆದೇವರನ್ನೂ ಕರೆತಂದವು. ಸವದತ್ತಿಯ ಎಲ್ಲಮ್ಮ ಕನ್ನಡಿಗರಿಗೂ ಮರಾಠಿಗರಿಗೂ ಪೂಜ್ಯಳು. ಕನ್ನಡದ ಚೌಡಿಕೆಯೇ ಮರಾಠಿಯ ಚೌಂಡಕ. ಟೊಳ್ಳು ಮರದ ತಳಕ್ಕೆ ಬಿಗಿದ ಚರ್ಮ, ಅದರ ನಡುವಿನಿಂದ ಹೊರಟ ಒಂದೇ ತಂತಿ. ಇಷ್ಟೇ ಆ ವಾದ್ಯ.

ಈ ವಾದ್ಯವನ್ನು ನುಡಿಸುತ್ತ ಎಲ್ಲಮ್ಮನ ಕಥೆಯನ್ನು ಹಾಡುವವರಲ್ಲಿ ಜೋಗಪ್ಪಗಳೂ ಉಂಟು. ಗಂಡಾಗಿ ಹುಟ್ಟಿ, ತಮ್ಮನ್ನು ಹೆಣ್ಣೆಂದು ಅರಿತುಕೊಂಡು, ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು ಇವರು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜುನಾಥ ಶೆಟ್ಟಿ ಎಂಬ ಬಾಲಕ ಹೀಗೆಯೇ ಮಂಜಮ್ಮ ಜೋಗತಿಯಾದರು. ಮನೆಯ ಆಸರೆ ತಪ್ಪಿದಾಗ ಅವರು ಪ್ರಾಣವನ್ನೇ ಕಳೆದುಕೊಳ್ಳಲು ಯತ್ನಿಸಿದ್ದರು. ಬದುಕುಳಿದ ಮೇಲೆ ಭಿಕ್ಷೆಯಿಂದ ಹೊಟ್ಟೆ ಹೊರೆದರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕಂಡ ಜೋಗತಿ ಕುಣಿತವು ಅವರಿಗೆ ದಾರಿ ತೋರಿತು. ಮುಂದೆ ಕಾಳವ್ವ ಜೋಗತಿ ಗುರುವಾದರು.

ಈ ವಿದ್ಯೆಗೆ ಪಠ್ಯಪುಸ್ತಕವಿಲ್ಲ. ಕೇಳಿ ಕಲಿಯುವುದು, ಕಲಿತುದನ್ನು ಜನರೆದುರು ಹಾಡಿ ಒರೆಹಚ್ಚುವುದು, ಇದೇ ಅದರ ಕ್ರಮ. ಹೀಗೆ ಕಲಿತವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ತೃತೀಯಲಿಂಗಿಯೊಬ್ಬರು ಆ ಪೀಠವನ್ನೇರಿದ್ದು ಅದೇ ಮೊದಲು. ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಹಾಡುವವರ ಬಾಳನ್ನು ಓದುವವರ ಮುಂದಿರಿಸಿತು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಮಂಜಮ್ಮ ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದುದನ್ನು ದೇಶವೇ ಕಂಡಿತು.

ಈ ಬಾಳಿನಲ್ಲಿ ಆರೋಗ್ಯದ ಪಾಠವೊಂದು ಅಡಗಿದೆ. ಮಂಜಮ್ಮನವರನ್ನು ಸಾವಿನ ಅಂಚಿಗೆ ದೂಡಿದ್ದು ಅವರ ಸ್ವಭಾವವಲ್ಲ. ಅದಕ್ಕೆ ದೊರೆತ ತಿರಸ್ಕಾರ. ವಿಶ್ವ ಆರೋಗ್ಯ ಸಂಸ್ಥೆಯು ಸಲಿಂಗಾಸಕ್ತಿಯನ್ನು 1990ರಲ್ಲಿಯೇ ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. 2022ರಲ್ಲಿ ಜಾರಿಗೆ ಬಂದ ಅದರ ಹೊಸ ಪಟ್ಟಿಯಲ್ಲಿ, ಹುಟ್ಟಿದ ದೇಹಕ್ಕೂ ಒಳಗಿನ ಅರಿವಿಗೂ ಹೊಂದಿಕೆಯಾಗದಿರುವುದನ್ನು ಮನೋರೋಗವೆಂದು ಎಣಿಸಿಲ್ಲ. ತೃತೀಯಲಿಂಗಿಗಳ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಮನ್ನಿಸಿತು. ವಯಸ್ಕರ ಸಲಿಂಗ ಸಂಬಂಧವು ಅಪರಾಧವಲ್ಲವೆಂದು 2018ರಲ್ಲಿ ಸಾರಿತು.

ಆದುದರಿಂದ ಮನೆಯಲ್ಲಿ ಮಗುವೊಂದು ಇಂತಹ ಮಾತನ್ನು ಆಡಿದಾಗ ಹಿರಿಯರು ಗದರದೆ, ಪೂರ್ತಿ ಕೇಳಿಸಿಕೊಳ್ಳತಕ್ಕದ್ದು. ‘ಸರಿಪಡಿಸುವ’ ಮದ್ದು, ಮಾಟ, ಬಲವಂತದ ಮದುವೆ ಇವು ಯಾವುವೂ ಚಿಕಿತ್ಸೆಯಲ್ಲ. ಊಟ, ನಿದ್ರೆ, ಓದು ಕುಂದಿದರೆ, ಸಾವಿನ ಮಾತು ಬಂದರೆ, ಮಗುವನ್ನು ಒಂಟಿಯಾಗಿ ಬಿಡದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ದೂರವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ಪರಸ್ಥಳದಲ್ಲಿ ನೆಲೆಸಿದ ಕುಟುಂಬಕ್ಕೆ ಬಂಧುಬಳಗ ವಿರಳ. ಅಲ್ಲಿನ ಮಗುವಿಗೆ ಮನೆಯೇ ಊರು. ಎಲ್ಲಮ್ಮನ ಅಂಗಳದಲ್ಲಿ ಜೋಗಪ್ಪಗಳಿಗೆ ದೊರೆತ ಸ್ಥಾನ ಆ ಮಗುವಿಗೆ ತನ್ನ ಮನೆಯಂಗಳದಲ್ಲಿಯೇ ದೊರೆಯಬೇಕು.