ಕೈಗೆ ಬಳೆ, ಮೈಗೆ ರಕ್ತವಿಲ್ಲ

ಕುಮಟಾದ ನನ್ನ ದವಾಖಾನೆಗೆ ಗಲ್ಫ್ ದುಡಿಮೆಯ ಮನೆಗಳಿಂದ ಬರುವ ಹೆಣ್ಣುಮಕ್ಕಳ ಕೈಯಲ್ಲಿ ಚಿನ್ನದ ಬಳೆ ಇರುತ್ತದೆ. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ. ತಲಾ ಆದಾಯದಲ್ಲಿ ನಮಗಿಂತ ಹಿಂದಿರುವ ಕೇರಳದಲ್ಲಿ ಅದು ಶೇ. 36. ಆರೋಗ್ಯಕ್ಕೆ ಎಲ್ಲರಿಗಿಂತ ಹೆಚ್ಚು ಸುರಿಯುವ ಅಮೆರಿಕವೂ ಆಯಸ್ಸಿನಲ್ಲಿ ಜಪಾನಿಗಿಂತ ಹಿಂದೆ. ಹಣ ಆಸ್ಪತ್ರೆ ಕಟ್ಟೀತು, ತಟ್ಟೆ ನೋಡದು. ಯುನಾನಿ ಹೇಳುವ ಆರು ಅಗತ್ಯಗಳಲ್ಲಿ ಗಾಳಿಯ ನಂತರದ್ದೇ ಆಹಾರ. ಎಲ್ಲರೂ ಉಂಡ ಮೇಲೆ ತಾಯಿಗೆ ಉಳಿಯುವುದು ಅನ್ನ, ಮೀನಿಲ್ಲದ ಸಾರು, ಮೇಲೊಂದು ಚಹಾ! ಚಹಾ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡದು. ಒಂದು ತಾಸು ತಡೆಯಿರಿ. ಹರಿವೆ ಸೊಪ್ಪಿಗೆ ಲಿಂಬೆ ಹಿಂಡಿ. ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆಯಿದ್ದರೆ ಟಾನಿಕ್ ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ.