ತುಂಡಾದ ಹುಲ್ಲುಗಾವಲು, ಕುಗ್ಗುವ ಚಿಟ್ಟೆ ಸಂತತಿ

ಒಂದೇ ಟಗರನ್ನು ಹಿಂಡಿನಲ್ಲಿ ಬಹಳ ವರ್ಷ ಇಟ್ಟುಕೊಂಡರೆ ಅದು ತನ್ನ ಹೆಣ್ಣು ಮರಿಗಳೊಡನೆಯೇ ಕೂಡುತ್ತದೆ. ಆಗ ಹುಟ್ಟುವ ಮರಿಗಳು ಬಡಕಲಾಗುತ್ತವೆ, ಸಾಯುವುದೂ ಹೆಚ್ಚು. ಟಗರನ್ನು ಬದಲಾಯಿಸಿರೆಂದು ಹೇಳುವುದು ಇದಕ್ಕಾಗಿಯೇ. ಯಾರೂ ಸಾಕದ ಜೀವಿಗಳಿಗೂ ಈ ತೊಂದರೆ ತಟ್ಟುವುದೆಂಬುದನ್ನು ಫಿನ್ಲೆಂಡ್ ದೇಶದ ಒಂದು ಚಿಟ್ಟೆ ತೋರಿಸಿಕೊಟ್ಟಿದೆ.

ಗ್ಲಾನ್‌ವಿಲ್ ಫ್ರಿಟಿಲರಿ ಎಂಬ ಈ ಕಿತ್ತಳೆ ಬಣ್ಣದ ಚಿಟ್ಟೆಯು ಅಲ್ಲಿನ ಮುಖ್ಯ ಭೂಭಾಗದಲ್ಲಿ 1970ರ ದಶಕದ ಕೊನೆಯ ವೇಳೆಗೆ ಅಳಿದುಹೋಗಿ, ಆಲಂಡ್ ದ್ವೀಪಗಳಲ್ಲಿ ಮಾತ್ರ ಉಳಿಯಿತು. ಅಲ್ಲಿ ಒಣ ಹುಲ್ಲುಗಾವಲಿನ ಸುಮಾರು 4,000 ತುಂಡುಗಳಿವೆ. ಬಹುಪಾಲು ಬಹಳ ಚಿಕ್ಕವು. ಇದರ ಮರಿಹುಳುಗಳು ತಿನ್ನುವುದು ಮುಖ್ಯವಾಗಿ ಎರಡು ಸಸ್ಯಗಳನ್ನು. ಅವುಗಳಲ್ಲೊಂದು ನಮ್ಮ ಇಸಬ್‌ಗೋಲಿನ ಕುಲಕ್ಕೇ ಸೇರಿದ್ದು.

ಹೆಣ್ಣು ಚಿಟ್ಟೆ ಮೊಟ್ಟೆಗಳನ್ನು ಒಂದೆಡೆ ರಾಶಿಯಾಗಿ ಇಡುತ್ತದೆ. ಒಡಹುಟ್ಟಿದ ಹುಳುಗಳು ಒಂದೇ ರೇಷ್ಮೆಬಲೆಯೊಳಗೆ ಚಳಿಗಾಲ ಕಳೆಯುತ್ತವೆ. ತುಂಡೊಂದರಲ್ಲಿ ಒಂದೇ ಬಲೆಯಿದ್ದು, ಹೊರಗಿನಿಂದ ಚಿಟ್ಟೆ ಬರದಿದ್ದರೆ, ಮುಂದಿನ ಬೇಸಿಗೆಯಲ್ಲಿ ಒಡಹುಟ್ಟುಗಳೇ ಜೋಡಿಯಾಗಬೇಕು. ಬೇರೆ ದಾರಿಯೇ ಇಲ್ಲ.

ಇಲ್ಕ ಹನ್ಸ್ಕಿ ಮತ್ತು ಸಂಗಡಿಗರು ಇಂತಹ 42 ಗುಂಪುಗಳ ಚಿಟ್ಟೆಗಳಲ್ಲಿ, ತಂದೆಯಿಂದ ಒಂದು ಬಗೆ, ತಾಯಿಯಿಂದ ಇನ್ನೊಂದು ಬಗೆ ವಂಶವಾಹಿ ಬಂದಿರುವ ಪ್ರಮಾಣವನ್ನು ಅಳೆದರು. 1996ರ ವೇಳೆಗೆ 7 ಗುಂಪುಗಳು ಅಳಿದವು. ಚಿಕ್ಕ ಗುಂಪು ಹವಾಮಾನದಿಂದಲೋ ಪರಾವಲಂಬಿ ಕಣಜದಿಂದಲೋ ಅಳಿಯುವುದು ಸಹಜವಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಗುಂಪಿನ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ವೈವಿಧ್ಯ ಕಡಿಮೆಯಿದ್ದ ಗುಂಪುಗಳಿಗೆ ಅಪಾಯ ಹೆಚ್ಚೆಂದು ಕಂಡುಬಂದಿತು. 1998ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ, ರಕ್ತಸಂಬಂಧದ ಕೂಡಿಕೆಯಿಂದ ಮೊಟ್ಟೆಯೊಡೆಯುವ ಪ್ರಮಾಣ, ಮರಿಹುಳುಗಳ ಉಳಿವು, ಚಿಟ್ಟೆಯ ಆಯುಸ್ಸು ಎಲ್ಲವೂ ತಗ್ಗಿದ್ದವು. ಮೇವಿನ ಗಿಡ ಸಮೃದ್ಧವಾಗಿದ್ದರೂ ಸಂತತಿ ಹೀಗೆ ಒಳಗಿನಿಂದಲೇ ಸೊರಗಬಹುದು.

ತುಂಡು ತುಂಡಾದ ನೆಲೆ ವಂಶವಾಹಿಗಳನ್ನು ಇನ್ನೊಂದು ರೀತಿಯಲ್ಲಿಯೂ ಬದಲಿಸುತ್ತದೆ. ಸಕ್ಕರೆಯಿಂದ ಶಕ್ತಿ ಪಡೆಯಲು ನೆರವಾಗುವ ಕಿಣ್ವವೊಂದರ ವಂಶವಾಹಿಯಲ್ಲಿ ಹಲವು ಬಗೆಗಳಿವೆ. ಅವುಗಳಲ್ಲೊಂದನ್ನು ಪಡೆದ ಚಿಟ್ಟೆ ತಂಪು ಹವೆಯಲ್ಲಿಯೂ ಹಾರಬಲ್ಲದು. ದೂರದ ತುಂಡಿನಲ್ಲಿ ಹೊಸದಾಗಿ ನೆಲೆಸಿದ ಗುಂಪುಗಳಲ್ಲಿ ಈ ಬಗೆ ಹೆಚ್ಚು, ಹಾರಿ ಬರಬಲ್ಲವುಗಳೇ ಅಲ್ಲಿಗೆ ಮೊದಲು ತಲುಪುವುದರಿಂದ. ಹಾಗೆಯೇ ದೂರದಲ್ಲಿರುವ ಹಳೆಯ ಗುಂಪುಗಳಲ್ಲಿ ಅದು ಕಡಿಮೆ. ಹಾರಬಲ್ಲವು ವರ್ಷ ವರ್ಷವೂ ಹೊರಟುಹೋಗುತ್ತವೆ, ಅವುಗಳ ಜಾಗಕ್ಕೆ ಹೊರಗಿನವು ಬರುವುದು ಅಪರೂಪ.